ನನ್ನ ಎದೆ ಒತ್ತುವವರು ಯಾರು?

ಹೃದಯ ನಿಂತು ಬಿದ್ದವರ ಎದೆಯ ನಡುವೆ ಎರಡೂ ಕೈ ಇಟ್ಟು, ಆಂಬುಲೆನ್ಸ್ ಬರುವ ತನಕ ಜೋರಾಗಿ, ಬೇಗಬೇಗ ಒತ್ತುತ್ತಿರಬೇಕು. ಕಲಬುರಗಿಯಲ್ಲಿ ಶಿಕ್ಷಕರಿಗೆ ನಡೆದ ತರಬೇತಿಯಲ್ಲಿ ಈ ಸಿಪಿಆರ್ ಕಲಿತು ಬಂದು, ಅಫಜಲಪುರದ ನಮ್ಮ ಶಾಲೆಯವರಿಗೆಲ್ಲ ಕಲಿಸಿದೆ. ಆದರೆ ಹೃದಯದ ಕಾಯಿಲೆ ಇರುವುದು ನನಗೆ. ಹೋದ ವರ್ಷ ಸ್ಟೆಂಟ್ ಹಾಕಿಸಿಕೊಂಡವನು ನಾನು. ಎಷ್ಟೇ ಚೆನ್ನಾಗಿ ಕಲಿತರೂ ನನ್ನ ಎದೆಯನ್ನು ನಾನೇ ಒತ್ತಿಕೊಳ್ಳಲು ಆಗುತ್ತದೆಯೇ? ಮನೆಯಲ್ಲಿ ಇನ್ನಿರುವವಳು ಹೆಂಡತಿಯೊಬ್ಬಳೇ. ಅವಳು ಕಲಿಯಲೇಬೇಕಿತ್ತು.

ಹೃದಯ ಬಡಿಯುತ್ತಿರುವವರ ಮೇಲೆ ಒತ್ತಿ ಕಲಿಯಬಾರದು. ಅದಕ್ಕೇ ನೆಲದ ಮೇಲೆ ತಲೆದಿಂಬು ಹಾಕಿ ತೋರಿಸಿದೆ. ದಿನಾ ಜೋಳದ ರೊಟ್ಟಿ ಬಡಿಯುವ ಕೈ. ನಮ್ಮ ಪಿಟಿ ಮಾಸ್ತರರಿಗಿಂತ ಚೆನ್ನಾಗಿ ಒತ್ತಿದಳು. ನನಗೆ ಹಿಗ್ಗೋ ಹಿಗ್ಗು. "ಈಗ ಈ ದಿಂಬ ನಾನು ಅಂತ ತಿಳ್ಕೊ" ಅಂದೆ. ಥಟ್ಟನೆ ನಿಲ್ಲಿಸಿಬಿಟ್ಟಳು.

"ನಿಮ್ಮ ಎದಿ ಮ್ಯಾಲೆ ಲಿಂಗ ಇರ್ತದಲ್ರಿ. ಅದರ ಮ್ಯಾಲೆ ಹ್ಯಾಂಗ ಒತ್ಲಿ?"

ಮಾತು ಸುಳ್ಳಲ್ಲ. ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆ ಕೊರಳಿಂದ ಇಳಿದು ಸರಿಯಾಗಿ ಒತ್ತಬೇಕಾದ ಜಾಗದಲ್ಲೇ ತೂಗುತ್ತದೆ. ಅದನ್ನು ಮೈಯಿಂದ ಅಗಲಿಸುವಂತಿಲ್ಲ, ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. "ತಗೀಬ್ಯಾಡ, ದಾರ ಹಿಡದು ಹೆಗಲಿಗೆ ಸರಸು" ಎಂದು ಬಡಕೊಂಡೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೊನೆಗೆ ಅವಳನ್ನು ಮಠಕ್ಕೇ ಕರೆದುಕೊಂಡು ಹೋದೆ. "ಜೀವ ಉಳಸಾಕ ಸರಸಿದ್ರ ಏನೂ ದೋಷಿಲ್ಲವ್ವಾ" ಎಂದರು ಸ್ವಾಮಿಗಳು.

ಗೆದ್ದವನಂತೆ ಮನೆಗೆ ಬಂದು ಮತ್ತೆ ದಿಂಬು ಹಾಕಿದೆ. ಅವಳು ಕೂರಲಿಲ್ಲ.

"ಸ್ವಾಮಿಗಳ ಹೇಳ್ಯಾರ. ಇನ್ನೇನದ ನಿಂದು?" ಎಂದು ರೇಗಿದೆ.

"ಒತ್ತಿದ ಮ್ಯಾಲೂ ನೀವು ಏಳಲಿಲ್ಲಂದ್ರ?"

"ಒತ್ತಲಿಲ್ಲಂದ್ರ ಹ್ಯಾಂಗೂ ಹೋಗ್ತೇನಿ!"

"ಹಂಗ ಹೋದ್ರ ದೇವರು ಒಯ್ದ ಅಂತೇನಿ. ಒತ್ತಿದ ಮ್ಯಾಲೆ ಹೋದ್ರ, ನನ್ನ ಕೈಯಾಗ ಹೋದ್ರಿ ಅಂತ ಸಾಯೋತನಕ ಅನ್ಕೋತ ಇರಬೇಕು. ನನ್ನಿಂದ ಆಗಂಗಿಲ್ರಿ. ಬಾಜೂ ಮನಿಯವರಿಗೆ ಕಲಸ್ರಿ, ನಾ ಓಡಿ ಹೋಗಿ ಕರೀತೇನಿ."

ಮೈಯೆಲ್ಲ ಉರಿಯಿತು. ಹೃದಯ ನಿಂತ ಮೇಲೆ ಮಿದುಳು, ಪಕ್ಕದ ಮನೆಯವರು ಚಪ್ಪಲಿ ಮೆಟ್ಟಿಕೊಂಡು ಬರುವ ತನಕ ಕಾಯುತ್ತದೆಯೇ? ಆದರೂ ಬೇರೆ ದಾರಿ ಕಾಣದೆ, ಕಿರಾಣಿ ಅಂಗಡಿ ಇಟ್ಟಿರುವ ಆ ನೆರೆಯವರನ್ನು ಭಾನುವಾರ ಕರೆದೆ. ಹೆಂಡತಿ ಚಹಾ ಮಾಡಿದಳು. ಅವರು ಮೊಣಕಾಲೂರಿ ಹುರುಪಿನಿಂದ ಒತ್ತಿದರು.

"ಭಾಳ ಸಸಾರ ಅದರಿ ಸರ್ ಇದು. ಯಾರಿಗೆ ಬೇಕಾಗ್ಯದ?"

"ನನಗರಿ."

ಅವರು ನನ್ನ ಮುಖ ನೋಡಿದರು, ಎದೆಯ ಕಡೆ ನೋಡಿದರು. "ನಾ ಅಂಗಡ್ಯಾಗ ಇರ್ತೇನಲ್ರಿ ಸರ್, ಮನ್ಯಾಗ ಸಿಗೋದ ಕಮ್ಮಿ" ಎನ್ನುತ್ತ ಎದ್ದರು. ಚಹಾ ಅರ್ಧ ಹಾಗೇ ಉಳಿಯಿತು.

ಕಪ್ಪು ಎತ್ತಲು ಬಂದ ಹೆಂಡತಿ ಬಾಗಿಲ ಕಡೆ ನೋಡಿ ಹಲ್ಲು ಕಡಿದಳು. "ಇಂಥವ್ರ ಕೈಯಾಗ ಬಿಡ್ಲೇನು ನಿಮ್ಮನ್ನ?" ಎಂದು ದಿಂಬಿನ ಮುಂದೆ ಕೂತಳು. "ಒತ್ತತೇನ್ರಿ. ಆದ್ರ ಏಳತೇನಿ ಅಂತ ನೀವು ಮಾತು ಕೊಡ್ರಿ."

ಒತ್ತಿಸಿಕೊಂಡವರೆಲ್ಲ ಏಳುವುದಿಲ್ಲ, ಆ ಮಾತು ಯಾರಿಗೂ ಕೊಡಬಾರದೆಂದು ತರಬೇತಿಯಲ್ಲಿ ಸ್ಪಷ್ಟವಾಗಿ ಹೇಳಿದ್ದರು.

"ಏಳತೇನಿ, ಮೊದಲ ಒತ್ತು" ಎಂದು ಗದರಿದೆ.