ಫ್ರಿಜ್ಜಿನಲ್ಲಿಟ್ಟ ಕ್ಯಾನು

ಏಳು ತಿಂಗಳು ತುಂಬಿ ಎಂಟಕ್ಕೆ ಬಿದ್ದಾಗ ನನಗೆ ಬಿಪಿ ಏರಿತು, ಕಾಲು ಊದಿಕೊಂಡವು. ಕುಣಿಗಲ್ಲಿನ ತವರಿಗೆ ಹೋಗಬೇಕಿತ್ತು. ಆಸ್ಪತ್ರೆ ಹತ್ತಿರವಿರಲಿ ಎಂದು ಮರಳೂರಿನ ಮನೆಯಲ್ಲೇ ಉಳಿದೆ. ಗಂಡನಿಗೆ ಗುಬ್ಬಿ ಹತ್ತಿರದ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸ, ಸಂಜೆಯೇ ಬರುವುದು. ಹಾಗಾಗಿ ಚೇಳೂರಿನಿಂದ ಅತ್ತೆ ಬಂದರು.

ನನ್ನನ್ನು ನೋಡುತ್ತಿದ್ದ ಡಾಕ್ಟರಮ್ಮ, ಬಿಪಿ ಏರಿದ ಬಸುರಿಯರಲ್ಲಿ ಹಾರ್ಮೋನುಗಳು ಹೇಗೆ ಬದಲಾಗುತ್ತವೆ ಎಂದು ಅಧ್ಯಯನ ಮಾಡುತ್ತಿದ್ದರು. ಒಪ್ಪಿಗೆಯಿದ್ದರೆ ಒಂದಿಡೀ ದಿನದ ಮೂತ್ರವನ್ನು ಕ್ಯಾನಿನಲ್ಲಿ ಕೂಡಿಟ್ಟು, ಫ್ರಿಜ್ಜಿನಲ್ಲಿರಿಸಿ ತಣ್ಣಗೆ ತಂದುಕೊಡಿ ಎಂದರು. ಸಹಿ ಹಾಕಿ ಬಂದ ಮೇಲೆ ಚಿಂತೆ ಹತ್ತಿತು. ಅತ್ತೆ ಸ್ನಾನ, ಲಿಂಗಪೂಜೆ ಆಗದೆ ಕಾಫಿಯನ್ನೂ ಮುಟ್ಟದವರು. ತಡವರಿಸುತ್ತಲೇ ವಿಷಯ ಹೇಳಿದೆ. ಅವರು ಫ್ರಿಜ್ಜಿನಿಂದ ಹಾಲು, ಮೊಸರು, ಪೂಜೆಯ ಹೂವು ಎಲ್ಲ ಈಚೆ ತೆಗೆದರು.

"ಯಾಕವ್ವ ನಾಚ್ಕೋತೀಯ? ಮಗೀಗೋಸ್ಕರ ತಾನೆ? ಇಡು" ಎಂದರು.

ಮಾರನೇ ಬೆಳಿಗ್ಗೆಗೆ ಒಂದು ದಿನದ್ದು ಕೂಡಿಟ್ಟು ಮುಗಿಯಿತು, ಕ್ಯಾನು ಇನ್ನೂ ಫ್ರಿಜ್ಜಿನಲ್ಲೇ ಇತ್ತು. ಮಧ್ಯಾಹ್ನ ನನ್ನ ತಲೆ ಸಿಡಿಯತೊಡಗಿತು, ಕಣ್ಣ ಮುಂದೆ ಮಿಂಚು ಮಿಂಚು. ಅತ್ತೆ ತಕ್ಷಣ ಆಟೋ ಕರೆದರು. ಆಸ್ಪತ್ರೆ ಬಾಗಿಲಲ್ಲೇ ನನಗೆ ಫಿಟ್ಸ್ ಬಂತಂತೆ, ನನಗೇನೂ ನೆನಪಿಲ್ಲ. ಯಾರೋ ಕೈಗೆ ಕಬ್ಬಿಣದ ಬೀಗದಕೈ ಕೊಡಲು ಬಂದರೆ ಅತ್ತೆ ಬೇಡವೆಂದು, ನರ್ಸ್ ಮೊದಲೇ ಹೇಳಿಕೊಟ್ಟಂತೆ ನನ್ನನ್ನು ಎಡಕ್ಕೆ ಹೊರಳಿಸಿ ಹಿಡಿದುಕೊಂಡಿದ್ದರಂತೆ. ಇಂಜೆಕ್ಷನ್ ಕೊಟ್ಟು, ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು. ತೀರಾ ಪುಟ್ಟದು, ಆದರೆ ಅತ್ತಿತಂತೆ.

ಎಚ್ಚರವಾದಾಗ ಪಕ್ಕದಲ್ಲಿ ಗಂಡ ಮಾತ್ರ ಇದ್ದರು. ಅತ್ತೆ ಎಲ್ಲಿ ಎಂದು ಕೇಳಿದೆ. ಕ್ಯಾನು ತರಲು ಮನೆಗೆ ಹೋಗಿದ್ದಾರೆ, ಬೇಡವೆಂದರೂ ಕೇಳಲಿಲ್ಲ ಎಂದರು. ಸ್ವಲ್ಪ ಹೊತ್ತಿಗೆ ಅತ್ತೆ ಅದನ್ನು ಒದ್ದೆ ಟವೆಲ್ಲಿನಲ್ಲಿ ಸುತ್ತಿ, ಮಗುವಿನಂತೆ ಎದೆಗವಚಿಕೊಂಡು ಬಂದರು.

ಡಾಕ್ಟರಮ್ಮ ಅತ್ತೆಯನ್ನು ಕೂರಿಸಿಕೊಂಡು ವಿವರಿಸಿದರು: ತಾವು ಅಳೆಯುವ ಹಾರ್ಮೋನಿನ ತಯಾರಿಯಲ್ಲಿ ಅರ್ಧ ಕೆಲಸವನ್ನು ಮಗು ಮಾಡುತ್ತದೆ, ಉಳಿದರ್ಧ ಮಾಸು ಮಾಡುತ್ತದೆ; ತಾಯಿಯ ಲಿವರ್ ಅದನ್ನು ಮಾರ್ಪಡಿಸಿ ಮೂತ್ರಕ್ಕೆ ಕಳಿಸುತ್ತದೆ. ಇಂಥ ಕಾಯಿಲೆಯಲ್ಲಿ ಈ ಕೆಲಸ ಎಲ್ಲಿ ಏರುಪೇರಾಗುತ್ತದೆ ಎಂಬುದೇ ಅವರ ಹುಡುಕಾಟ.

ಅತ್ತೆ ಯೋಚಿಸಿ, "ಹಂಗಾದ್ರೆ ನಮ್ ಕೂಸು ಹುಟ್ಟಕ್ ಮುಂಚೇನೇ ದುಡೀತಿತ್ತು ಅನ್ನಿ" ಎಂದರು. ಹೊಲಿಗೆ ನೋಯುತ್ತಿದ್ದರೂ ನಾನು ನಕ್ಕೆ.

ಮಗು ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂತು. ನನ್ನ ಬಿಪಿ ಇಳಿಯಲು ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಅತ್ತೆ ಊರಿಗೆ ಹೋಗಲಿಲ್ಲ. ಕುಣಿಗಲ್ಲಿನಿಂದ ಅಮ್ಮನೂ ಬಂದಳು. ಮಗುವನ್ನು ಎತ್ತಿಕೊಳ್ಳುವ ಸರದಿ ಯಾರದೆಂದು ಇಬ್ಬರೂ ದಿನಾ ಬೆಳಿಗ್ಗೆ ಮುನಿಸಿಕೊಂಡು, ಊಟಕ್ಕೆ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು.