ಪಟ್ಟೆ ಅಕ್ಕನ ಹತ್ತು ನಿಮಿಷ

ಬೆಳಗಿನ ಆರು ಗಂಟೆ. ರಸ್ತೆಗೆ ಬಿಳಿ ಪಟ್ಟೆ ಬಳಿಯುವ ತಂಡ ಬಣ್ಣ ಕಲಸುತ್ತಿದೆ. ತಂಡದ ಹಿರಿಯ ಹೆಂಗಸೊಬ್ಬರು ಮಾತ್ರ ಲಾರಿಯ ಕನ್ನಡಿ ನೋಡಿಕೊಂಡು ಮುಖಕ್ಕೆ ಸನ್‌ಸ್ಕ್ರೀನ್ ಮೆತ್ತಿಕೊಳ್ಳುತ್ತಿದ್ದಾರೆ. ಕಿವಿ, ಕತ್ತು, ಆಮೇಲೆ ಗದ್ದದ ಅಡಿ. "ಮದುಮಗಳು ರೆಡಿನಾ?" ಎಂದು ಡ್ರೈವರ್ ಕೆಣಕುತ್ತಾನೆ. "ನಿನ್ನ ಮೂತಿಗೂ ಬೇಕು, ಬಾರೋ" ಎಂಬ ಉತ್ತರ ಸಿದ್ಧವಾಗಿದೆ.

ಐವತ್ತೆರಡರ ಇವರನ್ನು ಎಲ್ಲರೂ ಪಟ್ಟೆ ಅಕ್ಕ ಎಂದೇ ಕರೆಯುತ್ತಾರೆ. ಇಪ್ಪತ್ತೊಂದು ವರ್ಷದ ದುಡಿಮೆ, ದಿನಕ್ಕೆ ಮೂರು ಕಿಲೋಮೀಟರ್ ಪಟ್ಟೆ. ಇದೇ ಕೆಲಸದಲ್ಲಿದ್ದ ಇವರ ಒಡಹುಟ್ಟಿದ ಅಕ್ಕ, ತಲೆಗೆ ಟೋಪಿ ಇದೆಯಲ್ಲ ಎಂದು ನಿಶ್ಚಿಂತರಾಗಿದ್ದರು. ಆದರೆ ಹೊಸದಾಗಿ ಬಳಿದ ಬಿಳಿ ಬಣ್ಣ ಬಿಸಿಲನ್ನು ಕೆಳಗಿನಿಂದಲೂ ಮುಖಕ್ಕೆ ಎರಚುತ್ತದೆ. ಗದ್ದದಡಿ ವಾಸಿಯಾಗದ ಹುಣ್ಣಾಯಿತು. ಚರ್ಮದ ಕ್ಯಾನ್ಸರ್ ಎಂದು ಕತ್ತರಿಸಿ ಹನ್ನೊಂದು ಹೊಲಿಗೆ ಹಾಕಿದರು.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು" ಎನ್ನುತ್ತಾರೆ ಪಟ್ಟೆ ಅಕ್ಕ. "ಆಗ ಆಸ್ಪತ್ರೆ ನರ್ಸಮ್ಮ ಬಿಡಿಸಿ ಹೇಳಿದ್ರು. ಬಿಸಿಲಲ್ಲಿ ಎರಡು ಥರ ಕಿರಣ ಅಂತೆ. ಒಂದು ಮೇಲ್ಮೇಲೆ ಸುಡುತ್ತೆ, ಕೆಂಪಾಗಿ ಉರಿಯುತ್ತೆ, ಗೊತ್ತಾಗುತ್ತೆ. ಇನ್ನೊಂದು ಒಳಗೊಳಗೇ ಕತ್ತಿ ಮಸೆಯೋದು. ಮೋಡ ಇದ್ರೂ, ಗಾಜು ಇದ್ರೂ ನುಗ್ಗಿ ಸುಕ್ಕು, ಕಲೆ ತರುತ್ತೆ. ಎರಡರಿಂದ್ಲೂ ಕ್ಯಾನ್ಸರ್ ಬರಬಹುದು. ಎರಡನ್ನೂ ತಡೆಯೋ ಸನ್‌ಸ್ಕ್ರೀನೇ ತಗೋಬೇಕು. ಬೆವರಿಗೆ ಅಳಿಸಿಹೋಗುತ್ತೆ, ಅದಕ್ಕೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು."

ಆ ಎರಡು ಗಂಟೆಗೊಮ್ಮೆಯ ಹತ್ತು ನಿಮಿಷವೇ ಮೇಸ್ತ್ರಿಯ ಕಣ್ಣು ಕುಕ್ಕುತ್ತಿದೆ. ಇನ್ನೊಮ್ಮೆ ಕೆಲಸ ನಿಲ್ಲಿಸಿದರೆ ನಾಳೆಯಿಂದ ಬರಬೇಡ ಎಂದು ನಿನ್ನೆಯಷ್ಟೇ ಗುಡುಗಿದ್ದಾನೆ.

ಎಂಟು ಗಂಟೆಯಾಗುತ್ತದೆ. ಪಟ್ಟೆ ಅಕ್ಕ ಅರ್ಧ ಬಳಿದ ಪಟ್ಟೆಯ ಪಕ್ಕ ಬ್ರಷ್ ಇಟ್ಟು ಕೂತೇಬಿಡುತ್ತಾರೆ.

"ಇದೇನು ಬ್ಯೂಟಿ ಪಾರ್ಲರಾ? ಕಪ್ಪಗಿರೋರಿಗೆ ಯಾಕಮ್ಮ ಇದೆಲ್ಲ? ಏಳು ಮೇಲೆ!"

"ನಮ್ಮಕ್ಕನೂ ಕಪ್ಪಗೇ ಇದ್ದಳು, ಮೇಸ್ತ್ರಿ. ಹತ್ತು ನಿಮಿಷ ಆಗ್ಲಿ, ಏಳ್ತೀನಿ."

ತಂಡದ ಉಳಿದ ಏಳೂ ಜನ ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಟ್ಯೂಬು ಕೈಯಿಂದ ಕೈಗೆ ದಾಟುತ್ತದೆ. ಮೇಸ್ತ್ರಿ ಫೋನು ಕಿವಿಗಿಟ್ಟುಕೊಂಡು ದೂರ ಹೋಗಿ ಕೂಗಾಡುತ್ತಾನೆ. ಯಾರೂ ಅತ್ತ ತಿರುಗುವುದಿಲ್ಲ.

ನಾಳೆ ನಿಜಕ್ಕೂ ಕೆಲಸ ಹೋದರೆ ಎಂದು ಕೇಳಿದಾಗ ಪಟ್ಟೆ ಅಕ್ಕ ಗದ್ದ ಮೇಲೆತ್ತಿ, ಅಡಿಗೆಲ್ಲ ನಿಧಾನವಾಗಿ ಸವರಿಕೊಳ್ಳುತ್ತಾರೆ.

"ಭಯ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಈಗ ನಾನು ಎದ್ದರೆ ಇವರೆಲ್ಲ ಹಚ್ಚಿಕೊಳ್ಳದೇ ಏಳ್ತಾರೆ. ಅದಕ್ಕೇ ಏಳಲ್ಲ."