ಚಟ್ಟದ ಮೇಲಿನ ಜಾಹೀರಾತು

ನಾನು ಚಿಕ್ಕವಳಿದ್ದಾಗ ಹೊಸಪೇಟೆಗೆ ಹೊಸ ಸಿನಿಮಾ ಬಂದಿದೆ ಎಂದು ಊರಿಗೆಲ್ಲ ಸಾರುತ್ತಿದ್ದವನು ನಮ್ಮ ಅಪ್ಪ. ಟಾಕೀಸು ಎಂದರೆ, ಮೊಮ್ಮಕ್ಕಳೇ, ನೀವು ಈಗ ಹೋಗುವಂಥದ್ದಲ್ಲ. ಸ್ಟೇಷನ್ ಕಡೆಯ ಬಯಲಿನಲ್ಲಿ ಒಂದು ದೊಡ್ಡ ಡೇರೆ, ಒಳಗೆ ಮುಂದೆ ಮರಳು, ಹಿಂದೆ ಬೆಂಚು, ಅಷ್ಟೇ. ಎತ್ತಿನ ಗಾಡಿಯ ಎರಡೂ ಪಕ್ಕಕ್ಕೆ ಬಣ್ಣದ ಬೋರ್ಡು ಕಟ್ಟಿ, ಮುಂದೆ ಹಲಗೆ ಬಾರಿಸುವವರನ್ನು ಬಿಟ್ಟುಕೊಂಡು, ಅಪ್ಪ ತಗಡಿನ ಕೊಳವೆಯನ್ನು ಬಾಯಿಗಿಟ್ಟು ಕೂಗುತ್ತಾ ಹೋಗುತ್ತಿದ್ದ. ಗಾಡಿಯಿಂದ ಗುಲಾಬಿ, ಹಳದಿ ಬಣ್ಣದ ತೆಳು ಹ್ಯಾಂಡ್‌ಬಿಲ್ಲುಗಳು ಹಾರುತ್ತಿದ್ದವು. ಗುಲಾಬಿ ಕಾಗದವನ್ನು ಎಂಜಲಲ್ಲಿ ನೆನೆಸಿ ತುಟಿಗೆ ಉಜ್ಜಿದರೆ ತುಟಿ ಕೆಂಪಾಗುತ್ತಿತ್ತು. ನಾನೂ ಅಕ್ಕನೂ ಅದಕ್ಕಾಗಿಯೇ ಕಿತ್ತಾಡುತ್ತಿದ್ದೆವು.

ಟಾಕೀಸಿನ ಯಜಮಾನ ಒಮ್ಮೆ ಮದರಾಸಿಗೆ ಹೋಗಿ ಬಂದ. ಅಲ್ಲಿನ ಟಾಕೀಸುಗಳ ಕಥೆಯನ್ನು ನಮ್ಮ ಕಟ್ಟೆಯ ಮೇಲೆ ಕುಳಿತು ಬಾಯಿ ತುಂಬ ಹೇಳಿದ. ಕಲ್ಲಿನ ಕಟ್ಟಡವಂತೆ, ಬಾಗಿಲ ಮೇಲೆ ಮೂರಾಳೆತ್ತರದ ಬಣ್ಣದ ಚಿತ್ರಗಳಂತೆ, ಹಗಲಿನಲ್ಲೂ ಉರಿಯುವ ಸಾಲು ಬಲ್ಬುಗಳಂತೆ. ಸತ್ತ ರಾಜಕುಮಾರ ಮತ್ತೆ ಎದ್ದು ಬರುವ ಒಂದು ಚಿತ್ರಕ್ಕೆ ಅಲ್ಲಿ ಬೀದಿಯಲ್ಲಿ ಹೆಣದ ಮೆರವಣಿಗೆಯನ್ನೇ ತೆಗೆದಿದ್ದರಂತೆ. ಅದೇ ಚಿತ್ರ ಬೇಸಿಗೆಯಲ್ಲಿ ನಮ್ಮೂರಿಗೆ ಬರುವುದಿತ್ತು. ನವಿಲು ಕುಣಿಯಿತು ಅಂತ ಕೆಂಬೂತ ಕುಣಿಯಿತಂತೆ, ಹಾಗೆ ಈ ಪುಣ್ಯಾತ್ಮನಿಗೂ ಒಂದು ಹೆಣ ಬೇಕಾಯಿತು. ಅಪ್ಪ ನಗುನಗುತ್ತಾ ಒಪ್ಪಿಕೊಂಡ.

ಅಮ್ಮ ಮಾತ್ರ ಒಲೆ ಮುಂದಿನಿಂದ ಎದ್ದು ಬಂದಳು.

"ಬಿಡ್ತು ಅನ್ರಿ! ಬದುಕಿರೋ ಮನುಷ್ಯಾ ಚಟ್ಟದ ಮ್ಯಾಲೆ ಮಲಗತಾನೇನು?" ಎಂದು ರೇಗಿದಳು. ಅಪ್ಪ ಎಷ್ಟು ಪುಸಲಾಯಿಸಿದರೂ ಬಗ್ಗಲಿಲ್ಲ. ಕೊನೆಗೆ ಒಂದು ಮಾತಿನ ಮೇಲೆ ಸುಮ್ಮನಾದಳು. ನಮ್ಮಲ್ಲಿ ಸತ್ತವರ ಕಾಲಿನ ಎರಡೂ ಹೆಬ್ಬೆರಳುಗಳನ್ನು ಸೇರಿಸಿ ದಾರದಿಂದ ಕಟ್ಟುತ್ತಾರೆ. "ಏನಾರ ಮಾಡಿಕೊಳ್ರಿ, ಹೆಬ್ಬಳ್ಳು ಮಾತ್ರ ಕಟ್ಟಬ್ಯಾಡ್ರಿ" ಎಂದು ಅಮ್ಮ ಅಪ್ಪನಿಂದ ಆಣೆ ಹಾಕಿಸಿಕೊಂಡಳು.

ಮೊದಲ ಮೆರವಣಿಗೆ ನೋಡಿ ಊರು ಬೆಚ್ಚಿಬಿತ್ತು. ಬಿದಿರಿನ ಚಟ್ಟ, ಕುತ್ತಿಗೆಯಿಂದ ಕಣಕಾಲಿನವರೆಗೆ ಬಿಳಿ ಬಟ್ಟೆ, ಮುಖಕ್ಕೆ ಅಕ್ಕಿ ಹಿಟ್ಟು, ಎದೆಯ ಮೇಲೆ ಚೆಂಡು ಹೂವಿನ ಹಾರ. ಹೆಣದ ಮೇಲೆ ಮಂಡಕ್ಕಿ ಎರಚುವಂತೆ ಹ್ಯಾಂಡ್‌ಬಿಲ್ಲುಗಳನ್ನು ಎರಚುತ್ತಿದ್ದರು. ಬಜಾರಿನ ಚೌಕದಲ್ಲಿ ಚಟ್ಟ ಇಳಿಸಿದಾಗ ಹಲಗೆ ನಿಂತಿತು. ಹಲಗೆಯವನು "ಸತ್ತವನು ಯಾರಪೋ?" ಎಂದು ಕೂಗಿದ. ಅಪ್ಪ ದಡಕ್ಕನೆ ಎದ್ದು ಕುಳಿತು "ಸತ್ತಿಲ್ರಪೋ ಸತ್ತಿಲ್ಲ! ಸಂಜಿಗೆ ಟಾಕೀಸಿಗೆ ಬರ್ರಿ, ಅಲ್ಲಿ ಏಳತೀನಿ!" ಎಂದ. ಹೆಂಗಸರು ಕಿರುಚಿದರು, ಗಂಡಸರು ಬಿದ್ದು ಬಿದ್ದು ನಕ್ಕರು. ಮಾರನೆಯ ದಿನದಿಂದ ಜನರಿಗೆ ಗುಟ್ಟು ತಿಳಿಯಿತು. ಚಟ್ಟ ಬಂದರೆ ಮೊದಲು ಕಾಲು ನೋಡುವುದು, ಹೆಬ್ಬೆರಳು ಬಿಡಿಯಾಗಿದ್ದರೆ ಟಾಕೀಸಿನ ಹೆಣ ಎಂದು ಓಡಿ ಬರುವುದು.

ಆಮೇಲೆ ಆ ಸಂತೆಯ ದಿನ ಬಂತು. ಹಿಂದಿನ ದಿನವೆಲ್ಲ ಅಪ್ಪ ಕಂಪ್ಲಿಯ ಬಿಸಿಲಿನಲ್ಲಿ ಕೂಗಿ ಬಂದಿದ್ದ. ಬೆಳಿಗ್ಗೆ ಅವನ ಕಣ್ಣು ಕೆಂಪಾಗಿತ್ತು, ರೊಟ್ಟಿ ಮುರಿದು ಹಾಗೆಯೇ ಬಿಟ್ಟ. ಅಮ್ಮ ಹಣೆ ಮುಟ್ಟಿ ನೋಡಿ "ಮೈ ಸುಡಾಕ ಹತ್ತೈತಿ, ಇವತ್ತ ಬ್ಯಾಡ್ರಿ" ಎಂದಳು.

"ಸಂತಿ ದಿನಾ ಬಿಟ್ರ ಹ್ಯಾಂಗ? ಮಲಕ್ಕೊಳ್ಳಾಕ ಏನ್ ತ್ರಾಸು, ಹೊರೋರು ಬ್ಯಾರೆ ಅದಾರ" ಎಂದು ಅಪ್ಪ ನಕ್ಕು ಹೋದ. ಅವನು ನನ್ನ ಜೊತೆ ಮಾತನಾಡದೆ ಮನೆ ಬಿಟ್ಟ ದಿನ ಅದೊಂದೇ.

ಮಧ್ಯಾಹ್ನ ನಾನೂ ಅಕ್ಕನೂ ಚೌಕದಲ್ಲಿ ಕಾದು ನಿಂತಿದ್ದೆವು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಲ್ಲ, ಕಲ್ಲೂ ಮಣ್ಣೂ ಒಟ್ಟಿಗೆ ಕಾಯುತ್ತವೆ. ಮಲಪನಗುಡಿಯಿಂದ, ಮರಿಯಮ್ಮನಹಳ್ಳಿಯಿಂದ ಸಂತೆಗೆ ಬಂದವರು ಮೆಣಸಿನಕಾಯಿ ಚೀಲಗಳನ್ನು ಬಿಟ್ಟು ಚಟ್ಟ ನೋಡಲು ನುಗ್ಗಿದರು. ಚಟ್ಟ ಇಳಿಯಿತು. "ಸತ್ತವನು ಯಾರಪೋ?" ಎಂದು ಹಲಗೆಯವನು ಕೂಗಿದ. ಅಪ್ಪ ಏಳಲಿಲ್ಲ. ಹಲಗೆಯವನು ಇನ್ನೊಮ್ಮೆ ಬಾರಿಸಿ ಮತ್ತೆ ಕೂಗಿದ. ಜನರಿಗೆ ಭಾರಿ ಖುಷಿ. "ಇವತ್ತ ಆಟ ಭಾಳ ಜೋರೈತಿ ಬಿಡಲೇ" ಎಂದು ಯಾರೋ ಸಿಳ್ಳೆ ಹಾಕಿದರು.

ನಾನು ಜನರ ಕಾಲುಗಳ ನಡುವೆ ನುಗ್ಗಿ ಹೋಗಿ ಅಪ್ಪನ ಪಾದ ಹಿಡಿದೆ. ಅದು ಒಣಗಿತ್ತು, ಒಲೆಯ ಮೇಲಿನ ಹಂಚಿನಂತೆ ಸುಡುತ್ತಿತ್ತು. ಮುಖದ ಹಿಟ್ಟಿನ ಮೇಲೆ ಒಂದು ಹನಿ ಬೆವರೂ ಇರಲಿಲ್ಲ. "ಅಪ್ಪಾ, ಏಳಪ್ಪಾ!" ಎಂದು ಕಿರುಚಿದೆ. ಜನರ ಕಡೆ ತಿರುಗಿ "ನಮ್ಮಪ್ಪ ಖರೇನ ಏಳವಲ್ಲ!" ಎಂದು ಅತ್ತೆ.

ಇಡೀ ಚೌಕ ನಕ್ಕಿತು. ಹೌದು ಮಕ್ಕಳೇ, ಅವರು ನಕ್ಕರು. ನಾನೂ ಜಾಹೀರಾತಿನ ಒಂದು ಭಾಗ ಎಂದುಕೊಂಡರು. ನಾನು ಅತ್ತಷ್ಟೂ ಗುಂಪು ದೊಡ್ಡದಾಯಿತು. ಒಬ್ಬ ಮುದುಕಿ "ಅಯ್ಯ ಶಿವನೇ, ಎಷ್ಟ್ ಚಂದ ಅಳತೈತಿ ಕೂಸು" ಎಂದು ನನ್ನ ಅಂಗೈಯಲ್ಲಿ ಬೆಲ್ಲದ ತುಂಡು ಇಟ್ಟಳು. ಹೊತ್ತು ತಂದವರಲ್ಲಿ ಒಬ್ಬ ಕೂಡ ಹಲ್ಲು ಕಿಸಿಯುತ್ತಾ ನಿಂತಿದ್ದ. "ಅಳಬ್ಯಾಡ ತಂಗಿ, ಹೆಬ್ಬಳ್ಳು ಕಟ್ಟಿಲ್ಲ ನೋಡು" ಎಂದ. ಅಮ್ಮ ಹಾಕಿಸಿಕೊಂಡ ಆಣೆಯೇ ಅಪ್ಪನಿಗೆ ಮುಳುವಾಯಿತು.

ಅಕ್ಕ ಓಡಿಹೋಗಿ ಅಮ್ಮನನ್ನು ಕರೆತಂದಳು. ಅಮ್ಮ ಹಿಟ್ಟಿನ ಕೈಯಲ್ಲಿ, ತಲೆಯ ಮೇಲೆ ಸೆರಗಿಲ್ಲದೆ ಬಜಾರಿನ ನಡುವೆ ಓಡಿ ಬಂದಳು. ಅವಳನ್ನು ನೋಡಿದ ಮೇಲೆ ನಗು ನಿಂತಿತು. ಬಟ್ಟೆ, ಹಾರ ಕಿತ್ತೆಸೆದು, ಪಕ್ಕದ ಅಂಗಡಿಯ ಕೊಡದ ನೀರನ್ನೆಲ್ಲ ಅಪ್ಪನ ಮೇಲೆ ಸುರಿದಳು. ಆಗ ಎಲ್ಲರೂ ಗಾಳಿ ಬೀಸುವವರೇ, ಗಾಡಿ ತರುವವರೇ. ಡಾಕ್ಟರ ಮನೆಗೆ ಒಯ್ಯುವಷ್ಟರಲ್ಲಿ ಅಪ್ಪನ ಉಸಿರು ನಿಂತಿತ್ತು. ಬಿಸಿಲು ಬಡಿದಿದೆ, ಸ್ವಲ್ಪ ಮುಂಚೆ ತಂದಿದ್ದರೆ ಎಂದು ಡಾಕ್ಟರು ಮಾತನ್ನು ಅರ್ಧಕ್ಕೇ ಬಿಟ್ಟರು.

ಅದೇ ಚಟ್ಟದ ಮೇಲೆ ಒಯ್ಯಲು ಅಮ್ಮ ಒಪ್ಪಲಿಲ್ಲ. ಹೊಸ ಬಿದಿರು ತಂದರು. ದೊಡ್ಡಪ್ಪ ಅಪ್ಪನ ಹೆಬ್ಬೆರಳುಗಳನ್ನು ಕಟ್ಟಿದಾಗ ಅಮ್ಮ ಗೋಡೆಯ ಕಡೆ ತಿರುಗಿ ಕುಳಿತಿದ್ದಳು. ಹೆಣ್ಣುಮಕ್ಕಳು ಸುಡುಗಾಡಿಗೆ ಹೋಗುವಂತಿರಲಿಲ್ಲ, ಆದರೂ ಅಕ್ಕ ನನ್ನ ಕೈ ಹಿಡಿದು ಚೌಕದವರೆಗೆ ಹಿಂದೆ ನಡೆದಳು. ಅದೇ ಹಲಗೆ, ಅದೇ ಬಜಾರು. ಸುದ್ದಿ ತಿಳಿಯದ ನಾಲ್ಕಾರು ಹುಡುಗರು ಹ್ಯಾಂಡ್‌ಬಿಲ್ಲಿಗಾಗಿ ಕೈಚಾಚಿ ಓಡಿ ಬಂದರು, ಅವರ ಅಂಗೈಗೆ ಮಂಡಕ್ಕಿ ಬಿತ್ತು. ಪದ್ಧತಿಯಂತೆ ಚೌಕದಲ್ಲಿ ಚಟ್ಟವನ್ನು ಇಳಿಸಿದರು. ಹಲಗೆ ನಿಂತಿತು. ಯಾರೂ ಕೂಗಲಿಲ್ಲ. ನಾನು ಮನಸ್ಸಿನಲ್ಲೇ ಕೂಗಿ, ಉಸಿರು ಬಿಗಿಹಿಡಿದು ಕಾದೆ. ಆಮೇಲೆ ಅವರು ಚಟ್ಟವನ್ನು ಎತ್ತಿಕೊಂಡು ಹೋದರು.

ಈಗ ನಿಮ್ಮೂರ ಟಾಕೀಸುಗಳಲ್ಲಿ ತಣ್ಣನೆ ಗಾಳಿ ಬರುತ್ತದೆ, ಕುರ್ಚಿ ಮೆತ್ತಗಿರುತ್ತದೆ. ಜಾಹೀರಾತು ಬೀದಿಗೆ ಬರುವುದಿಲ್ಲ, ಹಾಸಿಗೆಯಲ್ಲಿ ಮಲಗಿದ್ದರೂ ನಿಮ್ಮ ಅಂಗೈಗೇ ಬರುತ್ತದೆ. ನಿಮಗೆ ಅದು ಸುಳ್ಳೆಂದು ಕೂಡಲೇ ತಿಳಿಯುತ್ತದೆ, ನೀವು ಜಾಣರು. ಮೊನ್ನೆ ಮೊಬೈಲಿನಲ್ಲಿ ಒಬ್ಬ ಮನುಷ್ಯ ನಡುರಸ್ತೆಯಲ್ಲಿ ಕುಸಿದು ಬೀಳುವುದನ್ನು ತೋರಿಸಿ "ಅಜ್ಜಿ, ಇದು ಆ್ಯಕ್ಟಿಂಗು, ನಗು" ಎಂದಿರಿ. ನಾನು ನಗಲಿಲ್ಲವೆಂದು ಮುನಿಸಿಕೊಂಡಿರಿ. ಅದು ಆ್ಯಕ್ಟಿಂಗೇ ಇದ್ದೀತು, ನಾನು ಇಲ್ಲ ಎನ್ನುವುದಿಲ್ಲ. ಅವನು ಎದ್ದನಾ ಎಂದು ಮಾತ್ರ ಕೇಳಿದೆ. ವಿಡಿಯೊ ಅಷ್ಟಕ್ಕೇ ಮುಗಿಯುತ್ತದೆ ಅಜ್ಜಿ ಎಂದು ಹೇಳಿ ನೀವು ಮುಂದಿನದಕ್ಕೆ ಹೋದಿರಿ.